ಕರೆಂಟು ಬಂದೈತಿ

ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಪಾಸಾದವನು ನಾನೊಬ್ಬನೇ. ಸಮಡೋಳಿಯಿಂದ ಸಾಂಗ್ಲಿಗೆ ಮೂರು ವರ್ಷ ಸೈಕಲ್ ತುಳಿದು, ಫಿಸಿಕ್ಸ್ ಪರೀಕ್ಷೆಗೆ ಎರಡು ಸಲ ಕೂತು ಗಳಿಸಿದ ಪದವಿ ಅದು. ಆಮೇಲೆ ಮಿರಜಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಟಪಾಲಿಗೆ ನಂಬರು ಹಾಕುತ್ತಿದ್ದೆ. ಹೀಗಾಗಿ, ಊರಿನಲ್ಲಿ ಅಪ್ಪಾಸಾಹೇಬ ಕಾಕಾನ ಹಿಟ್ಟಿನ ಗಿರಣಿ ನಿಂತಿದೆ ಎಂಬ ಸುದ್ದಿ ಬಂದಾಗ ನನಗೆ ದುಃಖವಾಗಲಿಲ್ಲ. ಕೊನೆಗೂ ವಿಜ್ಞಾನ ನನ್ನನ್ನು ಕರೆದಿತ್ತು.

ಮೋಟಾರು ಹಳೆಯದು, ಅದನ್ನು ನಡೆಸುವ ಬೋರ್ಡು ಹೊಸದು. ಮಿರಜಿನ ಅಂಗಡಿಗಳಲ್ಲಿ ವಾರಕ್ಕೊಂದು ಹೊಸ ಮಾಲು ಇಳಿಯುತ್ತಿದ್ದ ಕಾಲ ಅದು. ಕಾಕಾ ತಮ್ಮ ಕಬ್ಬಿಣದ ಸ್ಟಾರ್ಟರನ್ನು ಕಿತ್ತು, ಈ ಎಲೆಕ್ಟ್ರಾನಿಕ್ ಬೋರ್ಡು ಕೂಡಿಸಿದ್ದರು. ಮೊದಲಾಗಿದ್ದರೆ ಏನಾದರೂ ಎಡವಟ್ಟಾದಾಗ ಮೋಟಾರು ಗುಂಯ್ ಎಂದು ಗೋಳಾಡುತ್ತಿತ್ತು, ಕಾಕಾನಿಗೆ ತಿಳಿಯುತ್ತಿತ್ತು. ಈಗ ಎಲ್ಲವೂ ಸುಮ್ಮನಿತ್ತು.

ಗಿರಣಿಯ ಮುಂದೆ ಜೋಳದ ಡಬ್ಬಿಗಳ ಸಾಲು.

“ಬಾ ಬಾಹು. ಮಿಸ್ತ್ರಿಗೆ ಹೇಳಿ ಕಳಸಲೋ, ನೀನ ನೋಡ್ತೀಯೋ?” ಎಂದರು ಕಾಕಾ.

“ಮಿಸ್ತ್ರಿ ಯಾಕ್ರಿ? ನಾ ಇಲ್ಲೇನು?”

“ಹಂಗಾದ್ರ ಒಂದ ಮಾತು. ನಮ್ಮ ಸುನಂದಾ ಬಾರಾವಿ ಪರೀಕ್ಷಾ ಪಾಸಾಗ್ಯಾಳ. ನಿನ್ನಂಗ ಬಿ.ಎಸ್ಸಿ. ಮಾಡ್ತೀನಿ ಅಂತ ಹಟ ಹಿಡದಾಳ. ಫಾರ್ಮ್ ತುಂಬಾಕ ನಾಳೆ ಕಡೀ ದಿನ. ಆ ವಿದ್ಯಾ ಏನ ಕೆಲಸಕ್ಕ ಬರ್ತೈತಿ, ಇವತ್ತ ತೋರ್ಸು. ಮೋಟಾರ್ ತಿರಗಿತಂದ್ರ ಆಕಿ ಕಾಲೇಜಿಗೆ. ಇಲ್ಲಂದ್ರ ಇಲ್ಲ.”

ಕಾಕಾನ ಮಗಳು ಸುನಂದಾ ಬಾಗಿಲಲ್ಲೇ ನಿಂತಿದ್ದಳು. ದೇವರನ್ನು ನೋಡುವಂತೆ ನನ್ನನ್ನು ನೋಡಿದಳು. ದೇವರು ಅಂಗಿಯ ತೋಳು ಮಡಚಿದ.

ಬೋರ್ಡಿನ ಜೊತೆ ಬಂದ ಇಂಗ್ಲಿಷ್ ಕಾಗದವನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಒಳಗೆ ಬರುವ ಮೂರೂ ಫೇಜನ್ನು, ಅಂದರೆ ಕರೆಂಟಿನ ಮೂರೂ ಲೈನುಗಳನ್ನು, ಮೊದಲು ಪರೀಕ್ಷಿಸಿ ಎಂದು ಮೊದಲ ಸಾಲಿನಲ್ಲೇ ಇತ್ತು. ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ಬಲ್ಬು ಉರಿಯುತ್ತಿದೆ ಎಂದರೆ ಕರೆಂಟು ಇದೆ. ಕರೆಂಟು ಇದೆ ಎಂದರೆ ಬೋರ್ಡು ಕೆಟ್ಟಿದೆ. ಈ ತರ್ಕದಲ್ಲಿ ಲೋಪ ಕಾಣದ ಕಾರಣ ಎರಡನೇ ಸಾಲಿಗೆ ಹೋದೆ.

ಹೊರಗೆ ಮೀಟರಿನ ಹತ್ತಿರ ಮೇನ್ ಸ್ವಿಚ್ ನೋಡಿಕೊಳ್ಳಲು ಸುನಂದಾಳನ್ನು ನಿಲ್ಲಿಸಿದ್ದೆ. ಅವಳು ಟೆಸ್ಟರ್ ಹಿಡಿದು ಕೂಗಿದಳು: “ದಾದಾ, ಎರಡ ಫ್ಯೂಜಿಗೆ ಟೆಸ್ಟರ್ ಹತ್ತತೈತ್ರಿ. ಮೂರನೇದಕ್ಕ ಹತ್ತವಲ್ದು.”

“ಟೆಸ್ಟರ್ ಕೆಟ್ಟಿರಬೇಕು.”

“ಎರಡಕ್ಕ ಹತ್ತಿತಲ್ರಿ?”

“ಅಷ್ಟರಾಗ ಕೆಟ್ಟಿರಬೇಕು.”

ಅಲ್ಲಿಂದ ಮುಂದಿನ ಒಂದು ತಾಸು “ಮೇನ್ ಬಂದ್ ಮಾಡು”, “ಚಾಲೂ ಮಾಡು” ಎಂಬ ಎರಡೇ ಮಂತ್ರಗಳಲ್ಲಿ ಕಳೆಯಿತು. ಕೆಂಪು ವೈರನ್ನು ಹಳದಿಯ ಜಾಗಕ್ಕೆ, ಹಳದಿಯನ್ನು ನೀಲಿಯ ಜಾಗಕ್ಕೆ ಹಾಕಿ ನೋಡಿದೆ. ಯಾವುದು ಎಲ್ಲಿತ್ತು ಎಂದು ಅಂಗೈ ಮೇಲೆ ಬರೆದುಕೊಂಡಿದ್ದೆ. ಅಂಗೈ ಬೆವರಿತು. ಈಗ ನನ್ನ ಕೈಯಲ್ಲಿ ಒಂದು ನೀಲಿ ಮಚ್ಚೆಯೂ ಗೋಡೆಯ ಮೇಲೆ ದಿಕ್ಕೆಟ್ಟ ಆರು ವೈರುಗಳೂ ಉಳಿದವು.

ಸಾಲಿನಲ್ಲಿ ಮೊದಲಿದ್ದ ಅಕ್ಕಾತಾಯಿ ಮಾವಶಿ ಕೇಳಿಯೇಬಿಟ್ಟಳು: “ಯಾಕೋ ಬಾಹು, ನೀ ಕಲತದ್ದು ಕರೆಂಟಿಂದೋ, ರಂಗೋಲಿದೋ?”

ಸಾಲೆಲ್ಲ ನಕ್ಕಿತು. ಆ ಗದ್ದಲದಲ್ಲೇ ನಾನು ಇನ್ನೊಮ್ಮೆ “ಮೇನ್ ಬಂದ್ ಮಾಡು” ಎಂದು ಕೂಗಿದೆ. ಉತ್ತರ ಬರಲಿಲ್ಲ. ನಾನೇನು ದಡ್ಡನೇ? ಖಾತ್ರಿ ಮಾಡಿಕೊಳ್ಳದೆ ಮುಟ್ಟುವವನಲ್ಲ.

“ಸುನಂದಾ, ಬಂದ್ ಐತೇನ?”

“ಹೂಂ ದಾದಾ, ಬಂದೈತಿ!”

ಅವಳ ದನಿಯಲ್ಲಿ ಹಬ್ಬದ ಸಂತೋಷವಿತ್ತು. ಸ್ವಿಚ್ಚು ಆರಿಸಿದ್ದಕ್ಕೆ ಇಷ್ಟು ಸಂತೋಷವೇಕೆ ಎಂದು ಯೋಚಿಸುತ್ತಲೇ, ತಲೆಯ ಮೇಲಿನ ಬಲ್ಬಿನತ್ತ ನೋಡದೆ, ಬೋರ್ಡಿಗೆ ಸ್ಕ್ರೂಡ್ರೈವರ್ ಇಟ್ಟೆ.

ಢಂ!

ಕಣ್ಣು ಬಿಟ್ಟಾಗ ನಾನು ಹಿಟ್ಟಿನ ಚೀಲಗಳ ನಡುವೆ ಕೂತಿದ್ದೆ. ಬೋರ್ಡಿನಿಂದ ಹೊಗೆ ಏಳುತ್ತಿತ್ತು. ಕಾಕಾ ಓಡಿಬಂದು ನನ್ನ ಕೈಕಾಲು ಮುಟ್ಟಿ ನೋಡಿದರು. ಎಲ್ಲವೂ ಇದ್ದವು.

“ಬಂದ್ ಐತಿ ಅಂದೆಲ್ಲವಾ?” ಎಂದೆ ಸುನಂದಾಳಿಗೆ.

“ಹೂಂನ್ರಿ. ಮೂರನೇ ಫೇಜ್ ಬಂದೈತಿ ಅಂದೆ. ಬಂದೈತೇನ ಅಂತ ನೀವ ಕೇಳಿದ್ರೆಲ್ಲ?”

ಅತ್ತ ಮರಾಠಿ, ಇತ್ತ ಕನ್ನಡ, ಎರಡನ್ನೂ ಒಂದೇ ಬಾಯಲ್ಲಿ ಇಟ್ಟುಕೊಂಡವರ ಪಾಡು ಇದು. ಹೋದದ್ದೂ ಬಂದ್, ಬಂದದ್ದೂ ಬಂದ. ಎರಡು ಭಾಷೆ ಬಲ್ಲವನಿಗೆ ಎರಡು ಪಟ್ಟು ಬುದ್ಧಿ ಎನ್ನುತ್ತಾರೆ. ನನಗೆ ಬಂದದ್ದು ಶಾಕು.

ಸಂಜೆಗೆ ಮಿರಜಿನಿಂದ ಮಿಸ್ತ್ರಿ ಬಂದ. ಸುಟ್ಟ ಬೋರ್ಡನ್ನು ನೋಡಿ, “ಹೇ ಕೋಣೀ ಉಘಡ್ಲಂ?” ಎಂದು ಮರಾಠಿಯಲ್ಲಿ ಕೇಳಿದ. ಇದನ್ನು ತೆರೆದವನು ಯಾರು ಎಂದದ್ದಕ್ಕೆ ಎಲ್ಲರೂ ನನ್ನನ್ನು ನೋಡಿದರು, ಅಷ್ಟೆ. ಅವನು ವಿವರಿಸಿದ: ಬಲ್ಬು ಉರಿಯಲು ಒಂದೇ ಫೇಜು ಸಾಕು, ಮೋಟಾರಿಗೆ ಮೂರೂ ಬೇಕು. ಕಂಬದಲ್ಲಿ ಒಂದು ಫೇಜು ಹೋಗಿತ್ತು, ಎರಡೇ ಫೇಜಿನಲ್ಲಿ ತಿರುಗಿದರೆ ಮೋಟಾರು ಸುಡುತ್ತದೆಂದು ಬೋರ್ಡು ತಾನಾಗಿಯೇ ಅದನ್ನು ನಿಲ್ಲಿಸಿತ್ತು. ಫೇಜು ಬರುವ ತನಕ ಯಾರೂ ಏನೂ ಮಾಡದೆ ಕೂತಿದ್ದರೆ ಸಾಕಿತ್ತು.

“ಅಂದ್ರ ಬೋರ್ಡಿಗೆ ತಿಳದಿತ್ತು,” ಎಂದರು ಕಾಕಾ ನಿಧಾನವಾಗಿ. “ಈ ಹುಡಿಗೀಗೂ ತಿಳದಿತ್ತು.”

ತಿಳಿದವರ ಪಟ್ಟಿಯಲ್ಲಿ ಮೂರನೆಯ ಹೆಸರು ಬರಲಿಲ್ಲ. ಡಬ್ಬಿಗಳೆಲ್ಲ ಆಗಲೇ ಎದುರಿನ ಓಣಿಯ ಗಿರಣಿಗೆ ಹೋಗಿದ್ದವು. ಸುನಂದಾ ಟೆಸ್ಟರನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದಳು.

“ಕಾಕಾ, ತಪ್ಪು ನಂದು. ಅದಕ್ಕ ಆಕೀ ಕಾಲೇಜ್ ತಪ್ಪಸಬ್ಯಾಡ್ರಿ.”

“ತಪ್ಪಸ್ತೀನಿ ಅಂತ ಯಾರಂದ್ರು? ನಾಳೆ ನೀನ ಕರ್ಕೊಂಡ ಹೋಗಿ ಫಾರ್ಮ್ ತುಂಬಿಸು. ಇಂಥಾ ಬೋರ್ಡ್ ಬಂದಾವು. ಇನ್ಮುಂದ ತಿಳದವರು ಒಬ್ರರ ಮನ್ಯಾಗ ಬೇಕು.”

ಮರುದಿನ ಸಾಂಗ್ಲಿಯ ಕಾಲೇಜಿನಲ್ಲಿ ಸುನಂದಾ ಅಚ್ಚುಕಟ್ಟಾಗಿ ಫಾರ್ಮ್ ತುಂಬುತ್ತ ಹೋದಳು. ಕುಟುಂಬದಲ್ಲಿ ಈಗಾಗಲೇ ಪದವೀಧರರು ಇದ್ದಾರೆಯೇ ಎಂಬ ಕಡೆ ಬಂದು ಪೆನ್ನು ನಿಲ್ಲಿಸಿ, ಪಾಪ, ಮರ್ಯಾದೆಯಿಂದ ನನ್ನ ಮುಖ ನೋಡಿದಳು.

“ಇಲ್ಲ ಅಂತ ಬರಿ,” ಎಂದೆ.