ಸುರಗಿ ಸುತ್ತಿಸಿದ ಜರ್ಮನಿ ಡ್ರಮ್ಮು

ಅಮರೇಶ, ಸಹನಾ, ಹೋದ ತಿಂಗಳು ಸಿಂಧನೂರಿನ ನಿಮ್ಮ ಮನೆಗೆ ಬಂದಾಗ ನೀವಿಬ್ಬರೂ ಮೊಬೈಲಿನಲ್ಲಿ ಏನೋ ಹಾಡು ಹಚ್ಚಿಕೊಂಡು ಕುಳಿತಿದ್ದಿರಿ. “ಅಜ್ಜಿ, ಇದು ನಿನಗ ತಿಳಿಯಂಗಿಲ್ಲ. ಹಳೇ ಜರ್ಮನಿಯವರದು. ಕಾಸ್ಮಿಕ್ ರಾಕ್ ಅಂತಾರ” ಎಂದ ಅಮರೇಶ. ನಡುವೆ ಹಾಡು ಸುಮ್ಮನಾಯಿತು. ನಾನು ಪುಂಡಿಸೊಪ್ಪು ಬಿಡಿಸುತ್ತಲೇ, “ತಡಿ, ಈಗ ಡ್ರಮ್ಮು ಬರತೈತಿ” ಎಂದೆ. ಬಂತು! ನಿಮ್ಮಿಬ್ಬರ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. ಹಾಡು ಪೂರ್ತಿ ಮುಗಿದ ಮೇಲೂ ನಾನು ಇನ್ನೇನೋ ಬರಬೇಕು ಎನ್ನುವಂತೆ ಕಾಯುತ್ತಾ ಕುಳಿತೆ. ಯಾಕೆಂದು ಸಹನಾ ಕೇಳಿದಳು. ಕೂಡಿದ ಮಂದಿಯೆದುರು ಮಾತಾಡಲು ನನಗೆ ಈಗಲೂ ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಲಿತದ್ದು ಹಳ್ಳಿ ಶಾಲೆಯಲ್ಲಿ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ತಾತ ಆಗ ಹಟ್ಟಿಯ ಚಿನ್ನದ ಗಣಿಯಲ್ಲಿ ಫಿಟ್ಟರ್. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಯಾವುದೋ ಯಂತ್ರ ಕೂಡಿಸಲು ಜರ್ಮನಿಯಿಂದ ಒಬ್ಬ ಸಾಹೇಬ ಬಂದಿದ್ದ. ನಮ್ಮ ಕ್ವಾರ್ಟರ್ಸಿಗೆ ಬಂದು ಜೋಳದ ರೊಟ್ಟಿ, ಕೆಂಪು ಖಾರ ಉಂಡು, ಕಣ್ಣಲ್ಲಿ ನೀರು ಸುರಿಸುತ್ತಾ ಮತ್ತೊಂದು ರೊಟ್ಟಿ ಕೇಳುತ್ತಿದ್ದ. ಊರಿಗೆ ಹೋಗುವಾಗ ಬೂಟಿನ ಡಬ್ಬಿಯೊಂದನ್ನು ಕೊಟ್ಟು ಹೋದ. ಒಳಗೆ ನಾಲ್ಕು ಕ್ಯಾಸೆಟ್ಟು.

ತಾತ ಒಂದನ್ನು ಟೇಪ್ ರೆಕಾರ್ಡರಿಗೆ ಹಾಕಿ ಸ್ವಲ್ಪ ಕೇಳಿದರು. “ಟೇಪ್ ಕೆಟ್ಟೈತಿ” ಎಂದರು. ಇನ್ನೊಂದು ಹಾಕಿದರು. “ಇದೂ ಕೆಟ್ಟೈತಿ” ಎಂದು ಡ್ಯೂಟಿಗೆ ಹೋದರು. ನಾನು ರೊಟ್ಟಿ ಬಡಿಯುತ್ತಾ ಪೂರ್ತಿ ಕೇಳಿದೆ. ಕೆಟ್ಟಿರಲಿಲ್ಲ! ಕೆಟ್ಟದ್ದು ನಾನು!

ಮೇಲಿನ ಅಕ್ಷರ ಓದಲು ಬಾರದ ಕಾರಣ ನಾಮಕರಣವನ್ನು ನಾನೇ ನೆರವೇರಿಸಿದೆ. ಮೊದಲನೆಯದು ‘ಬಾವಿ’. ಒಂದು ಮಗ್ಗುಲಿಗೆ ಒಂದೇ ಹಾಡು. ಆಳದಲ್ಲೆಲ್ಲೋ ಹನಿ ಬೀಳುತ್ತದೆ, ಗಾಳಿ ಸುಳಿಯುತ್ತದೆ, ನಾವು ಕೆಳಗಿಳಿಯುತ್ತಿದ್ದೇವೋ ಮುಗಿಲಿಗೆ ಏರುತ್ತಿದ್ದೇವೋ ತಿಳಿಯುವುದಿಲ್ಲ. ಎರಡನೆಯದು ‘ಸೈರನ್’. ಗಣಿಯ ಪಾಳಿ ಬದಲಾಗುವಾಗ ಕೂಗುತ್ತದಲ್ಲ, ಥೇಟ್ ಅದೇ ಕೂಗು. ಮೂರನೆಯದು ‘ಸಂತೆ’. ಅದರಲ್ಲಿ ಒಂದು ಹಾಡಿನ ಹೊಟ್ಟೆಯಲ್ಲಿ ಹತ್ತು ಹಾಡು. ಕೊಳಲು ಸುಮ್ಮನೆ ತನ್ನ ಪಾಡಿಗೆ ಹೊರಟಿರುತ್ತದೆ, ಹಾರ್ಮೋನಿಯಂ ತರಹದ್ದು ಬಂದು ಮೈಮೇಲೆ ಬೀಳುತ್ತದೆ, ಜಗಳ ಬಿಡಿಸಲು ಬಂದ ಗಿಟಾರು ತಾನೇ ಜಗಳಕ್ಕೆ ನಿಲ್ಲುತ್ತದೆ!

ನಾಲ್ಕನೆಯದು ‘ರಾಯಚೂರು ಬಸ್ಸು’. ಮಕ್ಕಳೇ, ಅದರ ಮಾತು ಬಂದರೆ ಈಗಲೂ ನನ್ನ ಕಾಲು ಸುಮ್ಮನಿರುವುದಿಲ್ಲ. ಡ್ರಮ್ಮು ಶುರುವಾದರೆ ಏರುವುದಿಲ್ಲ, ಇಳಿಯುವುದಿಲ್ಲ, ಕಾಲುವೆ ದಂಡೆಯ ನೇರ ರಸ್ತೆಯ ಮೇಲೆ ಬಸ್ಸು ಹೋದ ಹಾಗೆ ಹೋಗುತ್ತಲೇ ಇರುತ್ತದೆ. ಆ ತಾಳಕ್ಕೆ ಬಡಿದರೆ ಒಂದು ರೊಟ್ಟಿಯೂ ಹರಿಯುತ್ತಿರಲಿಲ್ಲ. ನಡುವೆ ಒಮ್ಮೆ ಡ್ರಮ್ಮು ತಟ್ಟನೆ ನಿಲ್ಲುತ್ತದೆ. ಬರೀ ಗುಂಯ್ ಎನ್ನುವ ನಾದ. ಆಯಿತು, ಮುಗಿಯಿತು ಎನ್ನುವಷ್ಟರಲ್ಲಿ ದುಪ್ಪಟ್ಟು ಜೋರಾಗಿ ಎದ್ದು ಬರುತ್ತದೆ! ಆ ಗಳಿಗೆಗಾಗಿ ನಾನು ಸಾರು ಉಕ್ಕಿದರೂ ಏಳುತ್ತಿರಲಿಲ್ಲ.

ಹೀಗಿರುವಾಗ ತಾತನ ತಂಗಿ ಗಂಗಮ್ಮನ ಮದುವೆ ಮಸ್ಕಿಯಲ್ಲಿ ಗೊತ್ತಾಯಿತು. ನನ್ನ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಸೋಬಾನೆ ಹಾಡುವುದರಲ್ಲಿ ಸುತ್ತ ಹಳ್ಳಿಗೆಲ್ಲ ಹೆಸರುವಾಸಿ. ಆದರೆ ಪ್ರತಿ ಮದುವೆಯಲ್ಲೂ ಒಂದೇ ಕತೆ. ಹಂದರದ ಕಂಬ ನೆಡುವವರಿಂದ ಹಿಡಿದು ಬೂಂದಿ ಕರಿಯುವವರ ತನಕ ಎಲ್ಲರ ಮೇಲೆ ಒದರಿ ಒದರಿ, ಹಾಡುವ ಹೊತ್ತಿಗೆ ಗಂಟಲು ಬಿದ್ದು ಹೋಗಿರುತ್ತಿತ್ತು. ಸ್ವಂತ ಮಗಳ ಮದುವೆಯಲ್ಲಿ ಹಾಗಾಗಬಾರದೆಂದು ಮೊದಲೇ ಹಟ್ಟಿಗೆ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತರು.

“ಏ ಹುಡುಗಿ, ನನ್ನ ಹಾಡೆಲ್ಲ ಆ ಡಬ್ಬ್ಯಾಗ ತುಂಬಿಡು. ಮೈಕಿನ್ಯಾಗ ಹಚ್ಚಿದ್ರಾತು. ಗಂಗಿ ಸುರಗಿಗೆ ನನ್ನ ದನಿ ಇರಬೇಕು ನೋಡು.”

ಖಾಲಿ ಕ್ಯಾಸೆಟ್ಟು ತರಲು ತಾತ ಲಿಂಗಸುಗೂರಿಗೆ ಹೋದರು. ಸ್ಟೀಲ್ ಬಕೆಟ್ಟು ತಂದರು, ಬಾಗಿಲ ಚಿಲಕ ತಂದರು, ಕಲ್ಲಂಗಡಿ ತಂದರು. ಕ್ಯಾಸೆಟ್ಟು?

“ಮರತೆನಬೇ! ಆ ಕೆಟ್ಟ ಟೇಪ್ ಅದಾವಲ್ಲ, ಅವನ್ನ ಅಳಿಸಿ ತುಂಬು.”

ಒಂದು ಕಡೆ ಅತ್ತೆಯ ಹಾಡು, ಇನ್ನೊಂದು ಕಡೆ ನನ್ನ ಬಸ್ಸು. ಬೇಡ ಎನ್ನಲು ಬಾಯಿ ಬರುವುದಿಲ್ಲ, ಅಳಿಸಲು ಕೈ ಬರುವುದಿಲ್ಲ. ಆಗ ನನ್ನ ತಲೆಯಲ್ಲೊಂದು ದೀಪ ಹತ್ತಿತು! ನಾಲ್ಕೂ ಕ್ಯಾಸೆಟ್ಟಿನಲ್ಲಿ ಜರ್ಮನಿ ಹಾಡು ಮುಗಿದ ಮೇಲೆ ಕೊನೆಗೆ ಒಂದಿಷ್ಟು ಖಾಲಿ ಟೇಪು ಉಳಿದಿತ್ತು. ಆ ಬಾಲಕ್ಕೆ ಒಂದೊಂದು ಸೋಬಾನೆ ತುಂಬಿದರೆ ಎರಡೂ ಉಳಿಯುತ್ತವಲ್ಲ! ಬಾವಿಯ ಬಾಲಕ್ಕೆ ಅರಿಷಿಣದ ಹಾಡು, ಸೈರನ್ನಿನ ಬಾಲಕ್ಕೆ ಎಣ್ಣೆಯ ಹಾಡು, ಬಸ್ಸಿನ ಬಾಲಕ್ಕೆ ಮದುಮಕ್ಕಳ ಸುತ್ತ ನೂಲು ಸುತ್ತುವ ಸುರಗಿಯ ಹಾಡು, ಸಂತೆಯ ಬಾಲಕ್ಕೆ ಆರತಿ. ಪ್ರತಿಯೊಂದನ್ನೂ ಸೋಬಾನೆ ಶುರುವಾಗುವ ಜಾಗಕ್ಕೆ ಸರಿಯಾಗಿ ತಿರುಗಿಸಿ ಡಬ್ಬಿಯಲ್ಲಿಟ್ಟೆ. ಹಾಕಿ ಗುಂಡಿ ಒತ್ತಿದರೆ ಅತ್ತೆ ಹಾಡಬೇಕು. ಅಂದು ಹಟ್ಟಿಯಲ್ಲಿ ನನ್ನಷ್ಟು ಜಾಣೆ ಭೂಮಿಯ ಮೇಲೂ ಇರಲಿಲ್ಲ, ಗಣಿಯ ಒಳಗೂ ಇರಲಿಲ್ಲ.

ಮದುವೆಗೆ ಮೈಕ್‌ಸೆಟ್ಟು ಸಿಂಧನೂರಿನಿಂದ ಬಂತು. ಅದರ ಮಾಲಕ ಸಿದ್ರಾಮಣ್ಣ ಬಹಳ ಅಚ್ಚುಕಟ್ಟಿನ ಮನುಷ್ಯ. ಬೇವಿನ ಮರಕ್ಕೆ ಹಾರ್ನ್ ಕಟ್ಟಿದ, ಊದುಬತ್ತಿ ಹಚ್ಚಿದ, ನನ್ನ ಡಬ್ಬಿ ತೆಗೆದುಕೊಂಡ. ಸ್ವಲ್ಪ ಹೊತ್ತಿಗೆ ನಗುತ್ತಾ ಬಂದು ಹೇಳಿದ:

“ಅಕ್ಕಾರ, ನಿಮ್ಮ ಕ್ಯಾಸೆಟ್ಟೆಲ್ಲ ಕೊನಿಗೆ ಬಂದು ನಿಂತಿದ್ವು. ಎಲ್ಲಾ ಮೊದಲಿಗೆ ತಿರುವಿ ಇಟ್ಟೀನ್ರಿ!”

ಇನ್ನು ಗುಂಡಿ ಒತ್ತಿದರೆ ಹಾಡುವುದು ಅತ್ತೆಯಲ್ಲ, ಜರ್ಮನಿಯವರು! ಹೇಳಬೇಕು, ಆದರೆ ಸುತ್ತ ಮಾವಂದಿರು, ಬೀಗರು. ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಸರಿದೆ.

ಅರಿಷಿಣ ಹಚ್ಚುವ ಹೊತ್ತಾಯಿತು. ಅತ್ತೆಯ ಗಂಟಲು ವಾಡಿಕೆಯಂತೆ ಬಿದ್ದಿತ್ತು. ಸಿದ್ರಾಮಣ್ಣನಿಗೆ ಗತ್ತಿನಿಂದ ಕೈಸನ್ನೆ ಮಾಡಿದರು. ಬೇವಿನ ಮರದಿಂದ ಇಡೀ ಮಸ್ಕಿಗೆ ಕೇಳಿಸಿತು: ಟಪ್... ಟಪ್... ಟಪ್.

“ಯಾರಬೇ ನಳ ಬಿಟ್ಟು ಬಂದಾಕಿ?” ಎಂದು ಒಬ್ಬ ಚಿಗವ್ವ ಹಿತ್ತಲಿಗೆ ಓಡಿದಳು. ಗಾಳಿಯ ಸುಂಯ್ ಶುರುವಾಯಿತು. ಹಾರ್ನ್ ಹೋಯಿತೆಂದು ಸಿದ್ರಾಮಣ್ಣ ಮರ ಏರಿದ, ಇಳಿದ, ಕ್ಯಾಸೆಟ್ಟು ಬದಲಿಸಿದ. ಸೈರನ್!

ಮದುವೆಗೆ ಹಟ್ಟಿಯಿಂದ ಬಂದ ಗಣಿಯವರು ಸಾಲಾಗಿ ಉಪ್ಪಿಟ್ಟಿಗೆ ಕುಳಿತಿದ್ದರು. ಕೂಗು ಕೇಳಿದ್ದೇ ತಡ, ಎಲ್ಲರೂ ತಟ್ಟೆ ಬಿಟ್ಟು ಎದ್ದು ನಿಂತರು. ಇಬ್ಬರು ಚಪ್ಪಲಿಯನ್ನೂ ಹುಡುಕಿದರು! ಎದ್ದವರಲ್ಲಿ ಮೊದಲಿಗರು ನಿಮ್ಮ ತಾತ.

ಸಿದ್ರಾಮಣ್ಣ ಬೆವರುತ್ತಾ ಆ ಕ್ಯಾಸೆಟ್ಟನ್ನೂ ತೆಗೆದ. ಅಷ್ಟರಲ್ಲಿ ಸುರಗಿ ಸಿದ್ಧವಾಗಿತ್ತು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ನಡುವೆ ಗಂಗಮ್ಮ ಮತ್ತು ವರ, ಸುತ್ತ ನೂಲು ಹಿಡಿದ ಮುತ್ತೈದೆಯರು. ನಮ್ಮ ಮನೆತನದಲ್ಲಿ ಒಂದು ಕಟ್ಟುನಿಟ್ಟು ಉಂಟು. ಹಾಡು ಶುರುವಾದ ಮೇಲೆ ಸುತ್ತುವವರು ನಡೆಯಬೇಕು. ಹಾಡು ಮುಗಿಯುವ ತನಕ ನಿಲ್ಲುವಂತಿಲ್ಲ, ನಡುವೆ ಹಾಡು ನಿಲ್ಲಿಸುವಂತೆಯೂ ಇಲ್ಲ. ನಿಂತರೆ ಅಪಶಕುನ.

ಸಿದ್ರಾಮಣ್ಣ ಬಸ್ಸನ್ನು ಬಿಟ್ಟ.

“ಹಾಂ, ಇದು ತಾಳ ಐತಿ. ನಡೀರೇ!” ಎಂದಳು ಚಿಗವ್ವ. ಹೊರಟರು.

ಮೊದಲ ಸುತ್ತುಗಳು ಚೆಂದವಾಗಿಯೇ ಇದ್ದವು. ತಾಳಕ್ಕೆ ಹೆಜ್ಜೆ, ಹೆಜ್ಜೆಗೆ ಬಳೆ. ಆಮೇಲೆ ಮುತ್ತೈದೆಯರ ಮುಖ ಕೆಂಪಾಯಿತು. ಆಮೇಲೆ ಸೆರಗು ಸೊಂಟಕ್ಕೆ ಸೇರಿತು. ವರನ ತಾಯಿ ದಪ್ಪನೆಯ ಹೆಂಗಸು, ಪಾಪ, ಏದುಸಿರಿನಲ್ಲಿ ಕೇಳಿದರು: “ಬೀಗತಿ, ನಿಮ್ಮ ಹಾಡಿಗೆ ಕೊನಿ ಅನ್ನೂದು ಐತೇನ್ರಿ?” ಅತ್ತೆ ಒಡೆದ ದನಿಯಲ್ಲಿ, “ನಿಲ್ಲಬ್ಯಾಡ್ರಿ! ಹಾಡು ಮುಗಿದಿಲ್ಲ!” ಎಂದರು. ನೂಲಿನ ಉಂಡೆ ಮುಗಿಯಿತು. ಅಂಗಡಿಗೆ ಓಡಿ ಮತ್ತೆ ತಂದರು. ವಧೂವರರು ರೇಷ್ಮೆ ಗೂಡಿನ ಹುಳುಗಳಂತೆ ಮೂಗಿನ ತನಕ ಮುಚ್ಚಿಹೋದರು. ಅಲ್ಲಿಯವರೆಗೆ ನಾಚಿ ಮುಖ ತಿರುಗಿಸಿದ್ದ ಅವರಿಬ್ಬರು ನೋಡಲು ಬೇರೇನೂ ಉಳಿಯದೆ ಒಬ್ಬರನ್ನೊಬ್ಬರು ನೋಡಿಕೊಂಡರು.

ತಟ್ಟನೆ ಡ್ರಮ್ಮು ನಿಂತಿತು.

ಎಲ್ಲರೂ “ಯಪ್ಪಾ ಶಿವನೇ!” ಎಂದು ನಿಟ್ಟುಸಿರು ಬಿಟ್ಟರು. ಹಾಡು ಮುಗಿಯಿತೆಂದು ಅತ್ತೆ ಆರತಿ ತಟ್ಟೆಗೆ ಕೈ ಹಾಕಿದರು. ಸಿದ್ರಾಮಣ್ಣನ ಬೆರಳು ಗುಂಡಿಯ ಮೇಲೆ ಬಂತು. ಅವನು ಅದನ್ನೊಂದು ಒತ್ತಿದ್ದರೆ ಮದುವೆ ಸುಸೂತ್ರ. ಆದರೆ ನನಗೆ ಎಲ್ಲಿದ್ದೇನೆ ಎಂಬುದೇ ಮರೆತಿತ್ತು. ಗಂಡನ ಮನೆಯ ಮಂದಿಯೆದುರು ಎಂದೂ ತುಟಿ ಬಿಚ್ಚದ ನಾನು ಬಾಗಿಲ ಮರೆಯಿಂದ ಹೊರಗೆ ಬಂದು ಕೂಗಿದೆ:

“ನಿಲ್ಲಬ್ಯಾಡ್ರೀ! ಮುಗಿದಿಲ್ಲ! ಈಗ ಬರತೈತಿ ನೋಡ್ರಿ!”

ಬಂತು. ದುಪ್ಪಟ್ಟು ಜೋರಾಗಿ ಬಂತು!

ಅಷ್ಟು ಮಂದಿಯೂ ನನ್ನನ್ನೇ ನೋಡುತ್ತಾ ಮತ್ತೆ ನಡೆಯತೊಡಗಿದರು. ಆ ನೋಟ ಇನ್ನೂ ನನ್ನ ಬೆನ್ನ ಮೇಲಿದೆ.

ಕೊನೆಗೂ ಬಸ್ಸು ಊರು ಮುಟ್ಟಿತು. ಒಂದಿಷ್ಟು ಹೊತ್ತು ಗರಗರ. ಆಮೇಲೆ ಬೇವಿನ ಮರದಿಂದ ಅತ್ತೆಯ ಗಟ್ಟಿ ದನಿ! ಹಾಡಲ್ಲ, ಹಾಡಿನ ಮುಂಚಿನ ಮಾತು. ಹಾಡು ತುಂಬುವ ದಿನ ಗುಂಡಿ ಒತ್ತಿದ್ದನ್ನು ನಾನು ಅತ್ತೆಗೆ ಹೇಳಿರಲಿಲ್ಲ.

“ಏ ಹುಡುಗಿ, ಹಚ್ಚಿಯೇನ? ಮದುಮಗಳಿಗೆ ಬೀಗರು ಆರಿಸಿದ ಸೀರಿ ನೋಡಿಯಿಲ್ಲ? ಗೋಣಿಚೀಲ ವಾಸಿ! ಅದನ್ನ ನೋಡಿ ಹಾಡಾಕ ಮನಸ್ಸರ ಬರತೈತೇನು?”

ವರನ ತಾಯಿ ನೂಲು ಹಿಡಿದು ನಿಂತೇಬಿಟ್ಟರು. ಮದುವೆ ಮುರಿಯಿತು, ನನ್ನಿಂದ ಮುರಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಆಕೆ ಧೊಪ್ಪನೆ ನೆಲಕ್ಕೆ ಕುಳಿತರು.

“ಬೀಗತಿ, ಜಗಳಾ ಮಾಡಾಕ ನನ್ನ ಕಾಲಾಗ ಜೀವ ಇಲ್ಲ. ಮೊದಲು ನೀರು ಕೊಡ್ರಿ. ಸೀರಿ ಆರಿಸಿದವರು ನಮ್ಮ ಮನಿಯವರು. ನನಗೂ ಸೇರಿಲ್ಲ!”

ಮೊದಲು ನಕ್ಕದ್ದು ನೂಲಿನೊಳಗಿದ್ದ ಗಂಗಮ್ಮ. ಆಮೇಲೆ ಯಾರು ನಗಲಿಲ್ಲ ಹೇಳಿ! ಆ ನಗೆಯ ನಡುವೆ ಅತ್ತೆಯ ಸುರಗಿ ಹಾಡು ತೇಲಿ ಬಂತು. ಅದನ್ನು ಕೇಳಿಸಿಕೊಂಡವರು ಅತ್ತೆಯೊಬ್ಬರೇ. ಆರತಿಯ ಕ್ಯಾಸೆಟ್ಟನ್ನು ಮಾತ್ರ ಯಾರೂ ಹಚ್ಚಗೊಡಲಿಲ್ಲ.

ಸಂಜೆ ಅತ್ತೆ ನನ್ನನ್ನು ಕರೆದರು. ಬೈಗುಳಕ್ಕೆ ತಲೆ ಬಾಗಿಸಿ ನಿಂತೆ.

“ಆ ಡೊಳ್ಳು ಬಾರಿಸಿದಾವ ಯಾರಬೇ? ಕೈ ಸೋಲಂಗಿಲ್ಲೇನು ಆ ಮಗಗ?” ಎಂದು ಪಿಸುಗುಟ್ಟಿದರು. “ಆ ಕ್ಯಾಸೆಟ್ ನನ್ನದು. ನನ್ನ ದನಿ ಐತಿ ಅದರಾಗ.”

ಆಮೇಲೆ ಹಟ್ಟಿಗೆ ಬಂದಾಗಲೆಲ್ಲ ತಮ್ಮ ಹಾಡು ಕೇಳಲೆಂದು ಪೂರ್ತಿ ಬಸ್ಸಿನಲ್ಲಿ ನನ್ನ ಜೊತೆ ಪ್ರಯಾಣ ಮಾಡುತ್ತಿದ್ದರು. ಮೊಣಕಾಲ ಮೇಲೆ ತಾಳವನ್ನೂ ಹಾಕುತ್ತಿದ್ದರು. ಈಗ ಅತ್ತೆಯೂ ಇಲ್ಲ, “ಟೇಪ್ ಕೆಟ್ಟೈತಿ” ಎನ್ನಲು ನಿಮ್ಮ ತಾತನೂ ಇಲ್ಲ.

ಸಹನಾ, ಮೊಬೈಲಿನಲ್ಲಿ ಹಾಡು ಮುಗಿದ ಮೇಲೆ ನಾನು ಕಾದದ್ದು ಗೋಣಿಚೀಲದ ಮಾತಿಗಾಗಿ. ಬರಲಿಲ್ಲ. ಜರ್ಮನಿಯವರು ಹಾಡನ್ನು ಅರ್ಧಕ್ಕೇ ಬಿಟ್ಟಿದ್ದಾರೆಂದು ಒಂದು ಗಳಿಗೆ ನನಗೆ ಸಿಟ್ಟೇ ಬಂತು. ನಿಮ್ಮ ಅಜ್ಜಿಯ ಸಂಗೀತಜ್ಞಾನ ಇಷ್ಟೇ!

ಈ ಹಾಳೆಗಳನ್ನು ಆ ಬೂಟಿನ ಡಬ್ಬಿಯಲ್ಲಿ, ನಾಲ್ಕು ಕ್ಯಾಸೆಟ್ಟಿನ ಕೆಳಗೆ ಇಡುತ್ತಿದ್ದೇನೆ. ನನ್ನ ನಂತರವೂ ಜೋಪಾನವಾಗಿ ಇಟ್ಟುಕೊಳ್ಳಿ. ಕ್ಯಾಸೆಟ್ಟುಗಳನ್ನು ಮಾತ್ರ, ನಿಮಗೆ ಕೈ ಮುಗಿಯುತ್ತೇನೆ, ಯಾರೂ ಮೊದಲಿಗೆ ತಿರುವಿ ಇಡಬೇಡಿ.