ಕಟ್ಟಿಗೊಂದು ಕೊಸರು

ನಮ್ಮನೇಲಿ ಎರಡು ಕೆಲಸ ಒಟ್ಟಿಗೆ ಶುರುವಾದ್ರೆ ಕೊನೆಗೆ ಎರಡೂ ಒಂದೇ ಆಗಿಬಿಡ್ತವೆ. ಯಾಕೆ ಹಂಗಾಗುತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಎಪ್ಪತ್ತರ ದಶಕದಲ್ಲಿ ಏಳೆಂಟು ತಿಂಗಳು ಮಗಳಿಗೆ ಮನೇಲೇ ಪಾಠ ಹೇಳಿಕೊಟ್ಟೆ. ಅದೇ ತಿಂಗಳುಗಳಲ್ಲಿ ಹಪ್ಪಳದ ವ್ಯಾಪಾರಾನೂ ಹೂಡಿದೆ. ಪಾಠ ಎಲ್ಲಿ ಮುಗೀತು, ಹಪ್ಪಳ ಎಲ್ಲಿ ಶುರುವಾಯ್ತು ಅಂತ ಯಾರಾದ್ರೂ ಕೇಳಿದ್ರೆ ತಲೆ ಈಗಲೂ ಗಿರ್ರಂತ ತಿರುಗುತ್ತೆ.

೧. ರೋಲರ್ ಬಂತು, ಟಿ.ಸಿ. ಬರಲಿಲ್ಲ

ನಮ್ಮ ಯಜಮಾನರು ರೋಡ್ ರೋಲರ್ ಓಡಿಸೋರು. ಡಾಂಬರು ಎಲ್ಲಿಗೋ ಸಂಸಾರಾನೂ ಅಲ್ಲಿಗೆ. ಹೊಳಲ್ಕೆರೇಲಿ ಎರಡು ವರ್ಷ, ಹೊಸದುರ್ಗದಲ್ಲಿ ಆರು ತಿಂಗಳು, ಆಮೇಲೆ ಹಿರಿಯೂರಿನ ಕಡೆ ಪೂನಾ ರಸ್ತೆ ಪಕ್ಕದ ಒಂದು ಹಳ್ಳಿ. ನಾವು ಅಲ್ಲಿಗೆ ಬಂದಾಗ ದೀಪಾವಳಿ ಕಳೆದಿತ್ತು. ಮಗಳು ನಾಕನೇ ಕ್ಲಾಸು ಅರ್ಧ ಓದಿದ್ಲು. ಕೈ ಹಿಡಕೊಂಡು ಊರಿನ ಶಾಲೆಗೆ ಹೋದೆ.

"ಟಿ.ಸಿ. ಎಲ್ಲೈತಮ್ಮ?" ಅಂದ್ರು ಹೆಡ್‌ಮೇಷ್ಟ್ರು.

"ಹೊಸದುರ್ಗದಿಂದ ಬರಬೇಕು ಸಾರ್. ಅವರಿಗೆ ಇನ್ನೂ ಹೊಳಲ್ಕೆರೆಯಿಂದಾನೇ ಬಂದಿಲ್ಲ."

"ನಿಮ್ಮ ಯಜಮಾನ್ರು ಹೆಂಗೆ ಬಂದ್ರು?"

"ರೋಲರ್ ಮೇಲೆ ಸಾರ್. ಮೂರು ದಿನ ಹಿಡೀತು."

"ರೋಲರ್‌ಗಿಂತ ನಿಧಾನ ಆಯ್ತಲ್ರಿ ನಿಮ್ಮ ಟಿ.ಸಿ.!" ಅಂತ ಅವರು ಕನ್ನಡಕ ತೆಗೆದ್ರು. "ಟಿ.ಸಿ. ಇಲ್ದೆ ಸೇರಿಸ್ಕಳ್ಳಾಕಾಗಲ್ಲ. ಜಾಗಾನೂ ಇಲ್ಲ, ನಾಕನೇ ಕ್ಲಾಸಿಗೆ ಇಪ್ಪತ್ತೈದು ಜನ ಭರ್ತಿ. ಮನೇಲೇ ಕಲಿಸ್ರಿ. ಜೂನ್‌ನಲ್ಲಿ ಕರ್ಕಂಡು ಬರ್ರಿ, ನಾನೇ ಪ್ರಶ್ನೆ ಕೇಳ್ತೀನಿ. ಹೇಳಿದ್ರೆ ಐದನೇ ಕ್ಲಾಸು, ಹೇಳಲಿಲ್ಲ ಅಂದ್ರೆ ತಿರ್ಗಾ ನಾಕು."

ತಿರ್ಗಾ ನಾಕು ಅಂದಿದ್ದಕ್ಕೆ ಮಗಳ ಕಣ್ಣಲ್ಲಿ ನೀರು ತುಂಬಿತು. ಮನೇಲಿ ನಮ್ಮತ್ತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು. "ಫೇಲಾದ್ರೆ ಓದು ಸಾಕು ಬಿಡ್ರಿ. ಹಪ್ಪಳ ಲಟ್ಟಿಸ್ಕಂಡು ಮನೇಲಿರ್ಲಿ." ನಮ್ಮ ಯಜಮಾನರು ಅಮ್ಮನ ಮಾತಿಗೆ ಎದುರಾಡೋರಲ್ಲ. ಅವತ್ತು ಹಿಡಿದ ಭಯ ಜೂನ್‌ವರೆಗೂ ನನ್ನ ಬಿಡಲಿಲ್ಲ. ಓದಿಸೋಳು ಯಾರು? ಏಳನೇ ಕ್ಲಾಸು ಪಾಸು ಮಾಡಿದ ನಾನು. ಪಾಸು ಮಾಡಿದ್ದೂ ನಮ್ಮಪ್ಪ ಮೇಷ್ಟ್ರಿಗೆ ಕುಂಬಳಕಾಯಿ ಕೊಟ್ಟಿದ್ದಕ್ಕೋ ಏನೋ!

೨. ಬೀದರ್ ಎಲ್ಲಿ?

ಹಪ್ಪಳಕ್ಕೆ ಗಿರಾಕಿ ಅಂದ್ರೆ ರಸ್ತೆ ಬದಿಯ ಹೋಟೆಲ್ ಸಾಹುಕಾರ್ರು, ಆಮೇಲೆ ನಾಕಾರು ಮನೆ. ಹೆಡ್‌ಮೇಷ್ಟ್ರ ಮನೆಗೂ ತಿಂಗಳಿಗೆ ನಾಕು ಕಟ್ಟು. ಕಟ್ಟಿಗೆ ಇಪ್ಪತ್ತೈದು ಹಪ್ಪಳ, ಮೇಲೊಂದು ಕೊಸರು. ಆ ಕೊಸರು ಅತ್ತೆಯ ಕಟ್ಟಪ್ಪಣೆ. "ಕೊಸರಿಲ್ದೆ ಕೊಟ್ರೆ ಅದು ವ್ಯಾಪಾರ ಏನೇ? ಕೈ ಬಿಗಿ ಅಂತಾರೆ ಜನ" ಅನ್ನೋರು. ಕಟ್ಟು ಕಟ್ಟೋದು, ಮನೆಮನೆಗೆ ಮುಟ್ಟಿಸೋದು ಮಗಳ ಕೆಲಸ. ಲೆಕ್ಕ ಕಲಿತ ಹಾಗೂ ಆಗುತ್ತೆ ಅಂತ ನಾನೇ ಒಪ್ಪಿಸಿದ್ದೆ.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿ ಇನ್ನೂ ಬಹಳ ದಿನ ಆಗಿರಲಿಲ್ಲ. ನಕ್ಷೆ ಬರಿ ಅಂದೆ. ಸ್ಲೇಟು ಅಂಗಳದಲ್ಲಿತ್ತು, ಕೈಲಿ ಲಟ್ಟಣಿಗೆ ಇತ್ತು. ಮಗಳು ಉದ್ದಿನ ಹಿಟ್ಟಲ್ಲೇ ನಕ್ಷೆ ಲಟ್ಟಿಸಿ, ಜೀರಿಗೆ ಇಟ್ಟು ಚಿತ್ರದುರ್ಗ ಗುರುತು ಮಾಡಿದ್ಲು. ಭೇಷ್ ಅಂತ ಬೆನ್ನು ತಟ್ಟಿದೆ. ಆಮೇಲೆ ಮರೆತೆ. ನಕ್ಷೆ ಒಣಗಿ, ಕಟ್ಟಿಗೆ ಸೇರಿ, ಹೋಟೆಲ್ಲಿಗೆ ಹೋಗಿಬಿಟ್ಟಿತು.

ಮಾರನೇ ದಿನ ಸಾಹುಕಾರ್ರೇ ಮನೆಗೆ ಬಂದ್ರು. ಮುಖ ಕೆಂಪಗಿತ್ತು.

"ಏನ್ ಕಳಿಸಿದ್ರಿ ತಾಯಿ ನಿನ್ನೆ? ಲಾರಿ ಡ್ರೈವರ್ ಒಬ್ಬ, ಬೀದರ್ ಕಡೆಯೋನು. ತಟ್ಟೆ ನೋಡಿ, ಇದು ನಮ್ಮ ರಾಜ್ಯ ಅಲ್ಲೇನ್ರಿ ಅಂದ. ಇರಬೋದಪ್ಪ ಅಂದೆ. ಹಂಗಾದ್ರೆ ಬೀದರ್ ಎಲ್ಲಿ ಅಂತ ಜಗಳಕ್ಕೆ ನಿಂತ!"

"ಎಲ್ಲಿ ಹೋಯ್ತು ಸಾಹುಕಾರ್ರೇ?" ಅಂದೆ, ನನಗೂ ಅರ್ಥವಾಗದೆ.

"ಕರಿಯುವಾಗ ಬಾಣಲೇಲೇ ಮುರಿದೋಯ್ತು ಕಣಮ್ಮ!"

ವ್ಯಾಪಾರ ಅಲ್ಲಿಗೆ ಮುಗೀತು ಅಂದ್ಕೊಂಡೆ. ಅಷ್ಟರಲ್ಲಿ ಮಗಳು ಬಾಗಿಲ ಹಿಂದಿನಿಂದ ತಲೆ ಹಾಕಿ ಸಮಾಧಾನ ಹೇಳಿದ್ಲು: "ಮುಂದಿನ ಸಲ ಬೀದರ್ ಸ್ವಲ್ಪ ದಪ್ಪ ಲಟ್ಟಿಸ್ತೀನಿ ಬಿಡ್ರಿ."

೩. ಹದಿಮೂರರ ಹತ್ರ ನಿಂತ ಒನಕೆ

ಹಪ್ಪಳದ ಹಿಟ್ಟನ್ನ ಒನಕೇಲಿ ಕುಟ್ಟಿದಷ್ಟೂ ಹದ. ದುರ್ಗದ ಸೀಮೆ ಹೆಣ್ಣುಮಕ್ಕಳಿಗೆ ಒನಕೆ ಹಿಡಿಯೋದು ಹೇಳಿಕೊಡಬೇಕಾ? ಆದ್ರೆ ಬರೀ ಕುಟ್ಟೋದ್ಯಾಕೆ, ಏಟಿಗೊಂದು ಮಗ್ಗಿ ಹೇಳಲಿ ಅಂತ ನನ್ನ ಬುದ್ಧಿ ಓಡಿತು. ಮಗಳು ಹೇಳೋಳು, ಅತ್ತೆ ಕುಟ್ಟೋರು. ಶಾಲೆ ಮೆಟ್ಟಿಲೇ ಹತ್ತದ ಅತ್ತೆ ಒಂದೇ ತಿಂಗಳಲ್ಲಿ ಹನ್ನೆರಡರ ಮಗ್ಗಿವರೆಗೂ ಬಾಯಿಪಾಠ ಮಾಡಿಬಿಟ್ರು. ಸೊಕ್ಕೂ ಬಂತು. ಪಕ್ಕದ ಮನೆಯೋರನ್ನ ಕಂಡ್ರೆ ಸಾಕು, "ಏಳೆಂಟ್ಲಿ ಎಷ್ಟೇ?" ಅಂತ ತಡೆದು ಕೇಳೋರು.

ಹದಿಮೂರು ಶುರುವಾದ ಮಾರನೇ ದಿನ ಮಗಳಿಗೆ ಜ್ವರ. ಅತ್ತೆ ಒಬ್ಬರೇ ಶುರು ಹಚ್ಚಿಕೊಂಡ್ರು. "ಹದಿಮೂರಾರ್ಲಿ ಎಪ್ಪತ್ತೆಂಟು" ಅಂದ್ರು. ಒನಕೆ ಮೇಲೆ ಹೋಯ್ತು, ಕೆಳಗೆ ಬರಲಿಲ್ಲ.

"ಯಾಕತ್ತೆ ನಿಲ್ಲಿಸಿದ್ರಿ?"

"ಹದಿಮೂರೇಳ್ಲಿ ಬರವಲ್ದು."

"ಸುಮ್ನೆ ಕುಟ್ರಿ ಅತ್ತೆ, ಹಿಟ್ಟು ಒಣಗ್ತೈತೆ."

"ಉತ್ತರ ಇಲ್ದೆ ಹೆಂಗೆ ಕುಟ್ಲೇ?"

ನನಗೂ ಆ ಗಳಿಗೇಲಿ ನೆನಪಾಗಬೇಡ್ವಾ? ಹಾಳಾದ್ದು, ಬರಲೇ ಇಲ್ಲ. ಯಜಮಾನರನ್ನ ಕೇಳೋಣ ಅಂತ ರಸ್ತೆಗೆ ಓಡಿದೆ. ಅವರು ರೋಲರ್ ನಿಲ್ಲಿಸಿ ಬೆರಳು ಮಡಿಚೋಕೆ ಕೂತ್ರು. ತೊಂಬತ್ತೊಂದು ಸಿಕ್ಕೋ ಹೊತ್ತಿಗೆ ಒರಳಲ್ಲಿ ಹಿಟ್ಟು ಕಲ್ಲಾಗಿತ್ತು, ರಸ್ತೇಲಿ ಡಾಂಬರೂ ಕಲ್ಲಾಗಿತ್ತು.

೪. ಉಕ್ತಲೇಖನ

ಒಂದು ಶನಿವಾರ ಎರಡು ಚೀಟಿ ಬರೆದೆ. ಒಂದು ಹಿರಿಯೂರಿನ ಅಂಗಡಿಗೆ, ಯಜಮಾನರ ಕೈಲಿ. ಇನ್ನೊಂದು ಮಗಳಿಗೆ, ಉಕ್ತಲೇಖನದಲ್ಲಿ ತಪ್ಪಾದ ಸಾಲನ್ನ ನೋಡಿಕೊಂಡು ಹತ್ತು ಸಲ ಬರೆಯೋಕೆ. ಯಾವುದು ಯಾರ ಕೈಗೆ ಹೋಯ್ತು ಅಂತ ಬೇರೆ ಹೇಳಬೇಕಾ?

ಸಂಜೆ ಯಜಮಾನರು ಖಾಲಿ ಚೀಲ ಹಿಡ್ಕೊಂಡು ಬಂದ್ರು. "ಒಂದು ಸಿಂಹ, ಎರಡು ಆನೆ, ಮೂರು ಜಿಂಕೆ ಕೇಳಿದ್ಯಂತೆ. ಅಂಗಡಿಯೋನು ಸ್ಟಾಕಿಲ್ಲ ಅಂದ. ಕನ್ನಡಕ ಬಿಟ್ಟು ಹೋಗಿದ್ದೆ ಕಣೇ, ನಾನೇನು ಮಾಡ್ಲಿ?"

ಅಷ್ಟೇ ಆಗಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಒಳಗೆ ಮಗಳು ಅಜ್ಜಿ ಮುಂದೆ ಕೂತು ತಾನು ಬರೆದದ್ದನ್ನ ಗಟ್ಟಿಯಾಗಿ ಓದ್ತಿದ್ಲು: "ಉದ್ದಿನಬೇಳೆ ಐದು ಸೇರು. ಇಂಗು ಒಂದು ಡಬ್ಬಿ. ಅತ್ತೆಗೆ ಗೊತ್ತಾಗದಂಗೆ ನನಗೊಂದು ವಾಸನೆ ಸೋಪು." ಮತ್ತೆ ಮೊದಲಿಂದ. ಮತ್ತೆ ಮೊದಲಿಂದ.

ಅತ್ತೆ ಹತ್ತೂ ಸಲ ಪೂರಾ ಕೇಳಿಸಿಕೊಂಡ್ರು. ಆಮೇಲೆ ನನ್ನ ಕಡೆ ತಿರುಗಿದ್ರು. "ಅಲ್ವೇ, ಒಬ್ಬಳಿಗೆ ಹತ್ತು ಸೋಪು ಯಾಕ್ ಬೇಕೇ?"

೫. ಜೂನ್ ಬಂತು

ಟಿ.ಸಿ. ಕೊನೆಗೂ ಬಂದಿತ್ತು. ಪ್ರಶ್ನೆಯ ದಿನ ಮಗಳಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದೆ. ಅತ್ತೆ ಹೊಸಿಲ ಹತ್ರ ಲಟ್ಟಣಿಗೆ ಹಿಡ್ಕೊಂಡೇ ಕೂತಿದ್ರು. ಕಳಿಸೋಕೋ, ಕಾಯೋಕೋ, ಗೊತ್ತಾಗಲಿಲ್ಲ.

"ನಮ್ಮ ರಾಜ್ಯದ ಉತ್ತರದ ತುತ್ತತುದೀಲಿ ಯಾವ ಜಿಲ್ಲೆ ಐತೆ?" ಅಂತ ಹೆಡ್‌ಮೇಷ್ಟ್ರು ಶುರು ಮಾಡಿದ್ರು.

"ಬೀದರ್ ಸಾರ್. ಬೇಗ ಮುರಿಯುತ್ತೆ."

ಅವರು ನನ್ನ ಮುಖ ನೋಡಿದ್ರು. ನಾನು ಸೂರು ನೋಡಿದೆ.

"ಹದಿಮೂರರ ಮಗ್ಗಿ ಹೇಳು."

ಮಗಳು ಎರಡೂ ಕೈ ಮೇಲೆತ್ತಿ, ಕೆಳಗಿಳಿಸಿ, ಮೇಲೆತ್ತಿ, ಇಲ್ಲದ ಒನಕೇಲಿ ಕುಟ್ಟುತ್ತಾ ನೂರಾ ಮೂವತ್ತರವರೆಗೂ ಹೇಳಿದ್ಲು. ಹೆಡ್‌ಮೇಷ್ಟ್ರ ತಲೇನೂ ಜೊತೆಗೆ ಮೇಲೆ ಕೆಳಗೆ ಆಡ್ತು.

"ಕೊನೇದು. ಒಂದು ಬುಟ್ಟೀಲಿ ಇಪ್ಪತ್ತೈದು ಮಾವಿನಹಣ್ಣು ಅವೆ. ನಾಕು ಬುಟ್ಟೀಲಿ ಎಷ್ಟು?"

"ನೂರಾ ನಾಕು ಸಾರ್."

ನಾನು ಹಿಂದಿನಿಂದ ಮೆಲ್ಲಗೆ ಜಡೆ ಎಳೆದೆ.

"ಯೋಚನೆ ಮಾಡಿ ಹೇಳಮ್ಮ."

"ನೂರಾ ನಾಕೇ ಸಾರ್. ಕಟ್ಟಿಗೊಂದು ಕೊಸರು ಇರ್ತೈತಲ್ಲ."

ಹೆಡ್‌ಮೇಷ್ಟ್ರು ಪೆನ್ನು ಕೆಳಗಿಟ್ರು. "ನಿಮ್ಮನೆ ಹಪ್ಪಳ ನಮ್ಮನೆಗೂ ಬರ್ತವೆ. ನಾಕು ಕಟ್ಟು. ಪ್ರತಿ ತಿಂಗಳೂ ನಾನೇ ಎಣಿಸ್ತೀನಿ. ನೂರೇ ಇರ್ತವೆ."

"ಇಲ್ಲ ಸಾರ್, ನೂರಾ ನಾಕು ತಂದಿರ್ತೀನಿ. ನಿಮ್ಮನೆ ಅಮ್ಮಾವ್ರು ಅಲ್ಲೇ ಒಲೆ ಮುಂದೆ ಕುಂತು ನಾಕು ಸುಟ್ಟು, ಮೂರು ತಾವು ತಿಂದು, ನನಗೊಂದು ಕೊಡ್ತಾರೆ. ನಿಮಗೆ ಹೇಳಬ್ಯಾಡ ಅಂದವ್ರೆ."

ಹೆಡ್‌ಮೇಷ್ಟ್ರು ಮತ್ತೆ ಪೆನ್ನು ಕೈಗೆತ್ತಿಕೊಂಡ್ರು. ನನಗೆ ಅಲ್ಲಿಂದ ಎದ್ದು ಓಡಿಹೋಗೋ ಹಂಗಾಗಿತ್ತು. ಆಮೇಲೆ ಅವರು ನಿಧಾನವಾಗಿ ಕೇಳಿದ್ರು: "ಏಳು ಕಟ್ಟಾದ್ರೆ?"

"ಕೊಸರು ಬಿಟ್ಟು ನೂರಾ ಎಪ್ಪತ್ತೈದು, ಸೇರಿಸಿದ್ರೆ ನೂರಾ ಎಂಬತ್ತೆರಡು" ಅಂದ್ಲು ಮಗಳು, ಪಟ್ ಅಂತ. ಅವರು ಕಾಗದದ ಮೇಲೆ ಗುಣಿಸಿ ನೋಡೋ ಹೊತ್ತಿಗೆ ಇವಳು ಎರಡು ಸಲ ಜಡೆ ಹಿಂದಕ್ಕೆ ಹಾಕಿಕೊಂಡಿದ್ಲು.

ಅವರು ಐದನೇ ಕ್ಲಾಸಿನ ಹಾಜರಿ ಪುಸ್ತಕ ತೆಗೆದ್ರು. ಎಣಿಸಿದ್ರು. "ಇಲ್ಲೂ ಇಪ್ಪತ್ತೈದು ಭರ್ತಿ" ಅಂದ್ರು. ನನ್ನ ಕಣ್ಣು ತುಂಬಿ ಬಂತು. ಅವರು ಕೊನೇ ಸಾಲಿನ ಕೆಳಗೆ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದು, ಮಗಳ ಹೆಸರು ಬರೆದ್ರು. "ಹೋಗು, ಬೆಂಚಿನ ತುದೀಲಿ ಕುಂತ್ಕೋ. ನೀನು ಈ ಕ್ಲಾಸಿಗೆ ಕೊಸರು."

ಮಧ್ಯಾಹ್ನ ಶಾಲೆ ಬಿಡೋವರೆಗೂ ನಾನು ಅಲ್ಲೇ ಕಾದಿದ್ದೆ; ಮಗಳು ನನಗಿಂತ ಮುಂದೆ ಮನೆಗೆ ಓಡಿದ್ಲು. ಹೊಸಿಲಲ್ಲಿ ಅತ್ತೆ ಇನ್ನೂ ಕೂತಿದ್ರು. "ಪಾಸೋ ಫೇಲೋ, ಅಷ್ಟು ಹೇಳೇ."

"ಎರಡೂ ಅಲ್ಲ ಅಜ್ಜಿ. ನನ್ನನ್ನ ಕೊಸರು ಅಂತ ಸೇರಿಸ್ಕಂಡ್ರು!"

ಅತ್ತೆ ಲಟ್ಟಣಿಗೆ ಪಕ್ಕಕ್ಕಿಟ್ಟು, ದಡಬಡಿಸಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶಾಲೆ ಕಡೆ ಹೊರಟೇಬಿಟ್ರು. "ಎಲ್ಲಿಗತ್ತೆ?" ಅಂತ ಹಿಂದೆ ಓಡಿದೆ.

"ಬಿಡೇ ನನ್ನ. ಕೊಸರು ಅಂದ್ರೆ ಪುಕ್ಕಟೆ ಅಲ್ವೇನೇ? ಹದಿಮೂರರ ಮಗ್ಗಿ ಬರೋ ಹುಡುಗೀನ ಪುಕ್ಕಟೆ ತಗಂತಾನಾ ಆ ಮೇಷ್ಟ್ರು?"