ಗಾಳಿಯನ್ನು ವಿಚಾರಣೆ ಮಾಡುವ ಅಕ್ಕ

ನಮ್ಮಕ್ಕ ಗಾಳಿಯನ್ನೂ ಸುಮ್ಮನೆ ಮನೆಯೊಳಗೆ ಬಿಡುವವಳಲ್ಲ. ಎಲ್ಲಿಂದ ಬಂದೆ, ಯಾರು ಕಳಿಸಿದರು ಎಂದು ವಿಚಾರಿಸಿಯೇ ಬಿಡುತ್ತಾಳೆ ಎಂದರೆ ನೀವು ನಗುತ್ತೀರಿ. ನಗಿ. ದೇವನಹಳ್ಳಿ ಕೋಟೆಯೊಳಗಿನ ನಮ್ಮ ಅಜ್ಜನ ಕಾಲದ ತೊಟ್ಟಿಮನೆಯಲ್ಲಿ ನೀವು ಒಂದು ಚಳಿಗಾಲ ಕಳೆದಿಲ್ಲವಲ್ಲ! ನಾನು ಕಳೆದಿದ್ದೇನೆ, ಉಸಿರೆಳೆದರೆ ಸುಯ್ಯೆನ್ನುವ ವೀಜಿಂಗ್ ಸಮೇತ. ಕಡೆಗೆ ಡಾಕ್ಟರು, "ಒಂದೋ ನಿಮ್ಮ ರೂಮ್ ಬೆಚ್ಚಗಾಗ್ಬೇಕು, ಇಲ್ಲಾ ನೀವು ಆ ಮನೆ ಬಿಡ್ಬೇಕು" ಎಂದುಬಿಟ್ಟರು.

ನಮ್ಮ ತಮ್ಮನ ಮಗಳು ಆರ್ಕಿಟೆಕ್ಟ್. ಹಳೆಯ ಮನೆಗಳನ್ನು ಕೆಡವದೆ ಕಂಫರ್ಟಬಲ್ ಮಾಡುವುದೇ ಅವಳ ಸ್ಪೆಷಾಲಿಟಿ. "ಮೊದ್ಲು ಎನರ್ಜಿ ಆಡಿಟ್ ಮಾಡ್ತೀನಿ ದೊಡ್ಡತ್ತೆ" ಎಂದು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಅಕ್ಕನಿಗೆ ಕೇಳಿಸಿದ್ದು ಆಡಿಟ್ ಒಂದೇ. ಹುಡುಗಿ ಬರುವಷ್ಟರಲ್ಲಿ ಬೆಳ್ಳಿ ದೀಪಗಳು ಅಕ್ಕಿ ಡಬ್ಬ ಸೇರಿದ್ದವು.

"ಸ್ವಂತ ಸೋದರತ್ತೆ ಮನೆಗೇ ರೈಡಾ ಕಣೇ?"

"ಅಯ್ಯೋ, ಶಾಖ ಎಲ್ಲಿ ಪೋಲಾಗ್ತಿದೆ ಅಂತ ನೋಡೋದು ದೊಡ್ಡತ್ತೆ."

"ನೋಡ್ಕೊಂಡು ಹೋಗಿ ಯಾರಿಗ್ ಹೇಳ್ತೀಯ?"

ಹುಡುಗಿ ಊದುಬತ್ತಿ ಹಚ್ಚಿ ಕಿಟಕಿಯ ಅಂಚಿಗೆ ಹಿಡಿದಳು. ಹೊಗೆ ಅಲುಗಿದಲ್ಲಿ ಸಂದಿಯಿದೆ, ಚಳಿಗಾಳಿ ನುಗ್ಗುವುದು ಅಲ್ಲಿಂದಲೇ. ಅಕ್ಕ ಇಂಥ ಕೆಲಸವನ್ನು ಇನ್ನೊಬ್ಬರನ್ನು ನಂಬಿ ಬಿಡುವುದುಂಟೆ? ಊದುಬತ್ತಿ ಕಿತ್ತುಕೊಂಡು ತಾನೇ ಹೊರಟಳು. ಕಿಟಕಿ, ಬಾಗಿಲು, ಕೊನೆಗೆ ಬಚ್ಚಲಿನ ವೆಂಟಿಲೇಟರಿಗೂ ಧೂಪಸೇವೆ. ಬೀದಿಯಿಂದ ಕಂಡ ಪಕ್ಕದ ಮನೆಯಾಕೆ ಕೈಮುಗಿದು, "ಇವತ್ತೇನಮ್ಮಾ ವಿಶೇಷ? ಪ್ರಸಾದ ಎಷ್ಟೊತ್ಗೆ?" ಎಂದರು.

"ಕಳ್ಳನ್ನ ಹುಡುಕ್ತಿದೀನಿ" ಎಂದಳು ಅಕ್ಕ.

ಆಕೆ ಹೋಗಿ ತಮ್ಮ ಮನೆಗೆ ಚಿಲಕ ಹಾಕಿಕೊಂಡರು.

ಗೋಡೆಗೆ ಸಿಮೆಂಟ್ ಸೋಕಿಸುವುದಿಲ್ಲ, ಸುಣ್ಣದ ಗಾರೆಯೇ ಎಂದು ಹುಡುಗಿಯಿಂದ ಆಣೆ ಮಾಡಿಸಿಕೊಂಡ ಮೇಲೆ ಕೆಲಸ ಶುರುವಾಯಿತು. ಬಡಗಿ ಒಂದೊಂದೇ ಸಂದಿ ಮುಚ್ಚುತ್ತ ನಮ್ಮಿಬ್ಬರ ರೂಮುಗಳ ನಡುವಿನ ಬಾಗಿಲಿಗೆ ಬಂದ. ಅಕ್ಕ ಅಡ್ಡ ನಿಂತಳು.

"ಇದೊಂದು ಬೇಡ."

ಈಗ ಅನುಮಾನದ ಸರದಿ ನನ್ನದು. "ಯಾಕೆ, ನನ್ನ ಫೋನ್ ಮಾತು ಕೇಳಿಸ್ಕೋಬೇಕಾ?"

"ನಿನ್ನ ಇಂಗ್ಲಿಷ್ ಯಾರಿಗ್ ಬೇಕೇ?" ಎಂದವಳು ಬಡಗಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಇವಳು ಉಸಿರಾಡೋದು ಈ ಸಂದೀಲೇ ನಂಗೆ ಕೇಳ್ಸೋದಪ್ಪ. ಕೇಳ್ಸದಿದ್ರೆ ನಿದ್ದೆ ಹತ್ತಲ್ಲ."

ಒಳಗಿನ ಬಾಗಿಲು ತಾನೆ, ಇರಲಿ ಎಂದಳು ಹುಡುಗಿ.

ಈಗ ನನ್ನ ರೂಮ್ ಬೆಚ್ಚಗಿದೆ. ವೀಜಿಂಗ್ ನಿಂತಿದೆ, ಉಸಿರು ಸದ್ದಿಲ್ಲದೆ ಬಂದು ಹೋಗುತ್ತದೆ. ಹಾಗಾಗಿ ಮಲಗಿದ ಸ್ವಲ್ಪ ಹೊತ್ತಿಗೆ ಆ ಸಂದಿಯಿಂದ ಪಿಸುದನಿ ಬರುತ್ತದೆ:

"ಇದೀಯೇನೇ?"

"ಇದೀನಿ ಕಣಕ್ಕಾ, ಮಲಕ್ಕೋ."